ಬಯ್ಯಲು ಬಂದವಳು

೧೨ ಅಕ್ಟೋಬರ್ ೧೯೫೮, ಭಾನುವಾರ. ಸಾಲಗಾಮೆ

ಬಂದು ಬಿದ್ದೆ. ಹೊಳೆನರಸೀಪುರದಿಂದ ಹಾಸನಕ್ಕೆ ರೈಲು, ಹಾಸನದಿಂದ ಇಲ್ಲಿಗೆ ಬಸ್ಸು ಎಂದು ಕರೆಯುವ ಒಂದು ತಗಡಿನ ಡಬ್ಬ. ಪಕ್ಕದಲ್ಲಿ ಕೂತವನು ಒಂದು ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅದರ ಜೊತೆ ಮಾತಾಡುತ್ತಿದ್ದ. ಹುಂಜ ತಿರುಗಿ ಮಾತಾಡಲಿಲ್ಲ. ಈ ಊರಿನಲ್ಲಿ ಇದುವರೆಗೆ ನಾನು ಕಂಡವರ ಪೈಕಿ ಅದೇ ವಾಸಿ.

ನನ್ನನ್ನು ಇಲ್ಲಿಗೆ ಅಟ್ಟಿದ್ದು ತಮ್ಮ ಕೃಷ್ಣಪ್ಪನ ಹೆಂಡತಿ. ಈ ಮನೆಯ ಯಜಮಾನಿ ದೊಡ್ಡತಾಯಮ್ಮ ಅವಳ ಅಕ್ಕ. ದೊಡ್ಡತಾಯಮ್ಮನ ಸೊಸೆ ಚೊಚ್ಚಲ ಬಸುರಿ, ದಿನ ಹತ್ತಿರ ಬಂದಿದೆ. ಹುಡುಗಿಗೆ ತಾಯಿ ಇಲ್ಲದ್ದರಿಂದ ತೌರಿಗೆ ಕಳಿಸುವ ಹಾಗಿಲ್ಲ. ಆದ್ದರಿಂದ ಕರೆಸಿ ಅನಸೂಯಮ್ಮನನ್ನು! ಅರಕಲಗೂಡಿನಿಂದ ಚನ್ನರಾಯಪಟ್ಟಣದ ತನಕ ನೆಂಟರಲ್ಲಿ ಯಾರ ಹೊಟ್ಟೆ ಮುಂದೆ ಬಂದರೂ ನನ್ನ ಬಟ್ಟೆಗಂಟು ತಯಾರಾಗುತ್ತದೆ.

"ಅತ್ತಿಗೆ, ನಿಮ್ಗೆ ಬೇಜಾರಿಲ್ಲ ಅಂದ್ರೆ ಮಾತ್ರ ಓಗಿ" ಎಂದು ತಮ್ಮನ ಹೆಂಡತಿ ಜೇನಿನಂಥ ದನಿಯಲ್ಲಿ ಹೇಳಿದಳು. ಅವಳು ನನ್ನೊಡನೆ ಯಾವಾಗಲೂ ಹೀಗೆಯೇ. ಆ ಮನೆಯಲ್ಲಿ ಕೆಲಸದವಳನ್ನು ಬಯ್ಯುತ್ತಾರೆ, ಮಕ್ಕಳನ್ನು ಬಯ್ಯುತ್ತಾರೆ, ಒದೆಯುವ ಹಸುವನ್ನೂ ಬಯ್ಯುತ್ತಾರೆ. ನನಗೆ ಮಾತ್ರ ಮೆತ್ತಗಿನ ಮಾತು. ಗಂಡ ಸತ್ತ ಹೆಂಗಸೆಂದರೆ ಅಟ್ಟದ ಮೇಲಿಟ್ಟ ಹಿತ್ತಾಳೆ ಪಾತ್ರೆ. ಬೇಕಾದಾಗ ಜೋಪಾನವಾಗಿ ಇಳಿಸುತ್ತಾರೆ, ಕೆಲಸ ಮುಗಿದ ಮೇಲೆ ಹಾಗೆಯೇ ಏರಿಸುತ್ತಾರೆ.

ಹುಡುಗಿಯನ್ನು ನೋಡಿದೆ. ಹೆಸರು ಮಲ್ಲಿಗಮ್ಮ. ನನ್ನ ಕಾಲಿಗೆ ಬೀಳಲು ಹೋಗಿ, ಬಗ್ಗಲಾರದೆ, ಅಳಲು ಶುರುಮಾಡಿತು. "ಬನ್ನಿ ದೊಡ್ಡವ್ವ" ಅಂದಿತು. ಯಾವ ಕಡೆಯಿಂದ ನಾನು ಅದಕ್ಕೆ ದೊಡ್ಡವ್ವ? ಕೇಳಿದರೆ ಅದಕ್ಕೂ ಅತ್ತೀತೆಂದು ಸುಮ್ಮನಾದೆ.

ಈ ಡೈರಿ ತಮ್ಮನ ಮಿಲ್ಲಿಗೆ ಪುಕ್ಕಟೆ ಬಂದದ್ದು. ಒಂಬತ್ತು ತಿಂಗಳು ಖಾಲಿ ಬಿದ್ದಿತ್ತು. ಮಾತಾಡಲು ಯೋಗ್ಯರಾದವರು ಯಾರೂ ಸಿಕ್ಕುವುದಿಲ್ಲವೆಂದು ಗೊತ್ತಿದ್ದರಿಂದ ಹಿಡಿದುಕೊಂಡು ಬಂದೆ.

೧೫ ಅಕ್ಟೋಬರ್, ಬುಧವಾರ

ಈ ಮನೆಯಲ್ಲಿ ಎಲ್ಲರೂ ಪಿಸುಗುಟ್ಟುತ್ತಾರೆ. ಮೊದಲ ದಿನ ಯಾರಿಗೋ ಖಾಯಿಲೆ ಎಂದುಕೊಂಡೆ. ಇಲ್ಲ, ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ. ಹಾಸನದ ಯಾವನೋ ಜೋಯಿಸ ಹುಡುಗಿಯ ಜಾತಕ ನೋಡಿ "ಹೆರಿಗೆಯಲ್ಲಿ ಗಂಡಾಂತರ" ಎಂದನಂತೆ. ಅದನ್ನು ಹುಡುಗಿಗೆ ಹೇಳಬಾರದೆಂದು ಎಲ್ಲರೂ ತೀರ್ಮಾನ ಮಾಡಿಕೊಂಡು, ಬಾಯಲ್ಲಿ ಹೇಳದೆ ಮುಖದಲ್ಲಿ ಹೇಳುತ್ತಿದ್ದಾರೆ. ದೊಡ್ಡತಾಯಮ್ಮ ಸೊಸೆಗೆ ಊಟ ಬಡಿಸುತ್ತಾ ಕಣ್ಣು ಒರೆಸಿಕೊಳ್ಳುತ್ತಾಳೆ. "ಇನ್ನೊಸಿ ತುಪ್ಪ ಆಕ್ಲಾ ಕಂದಾ? ಏನ್ ಬೇಕೋ ಕೇಳ್ಬುಡು ಮಗಾ, ಮನಸಲ್ಲಿ ಇಟ್ಕಬ್ಯಾಡ." ನೇಣು ಹಾಕುವ ದಿನ ಕೈದಿಯನ್ನು ಹೀಗೆ ಕೇಳುತ್ತಾರಂತೆ.

ಮಗ ಕೆಂಪಣ್ಣನೋ, ಆರಡಿ ಆಳು. ಎರಡು ಎತ್ತನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸುತ್ತಾನೆ. ಹೆಂಡತಿಯ ಕೋಣೆಯ ಬಾಗಿಲಲ್ಲಿ ನಿಂತು "ಏನಾರಾ ಬೇಕಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಓಡುತ್ತಾನೆ. ದಂಡಪಿಂಡ.

ಹುಡುಗಿ ಇಡೀ ದಿನ ಮಲಗಿಯೇ ಇರುತ್ತದೆ. ಮುಖ ಹರಳೆಣ್ಣೆ ಕುಡಿದ ಹಾಗೆ.

೧೯ ಅಕ್ಟೋಬರ್, ಭಾನುವಾರ

ಇವತ್ತು ಆ ಅಳುಮುಂಜಿ ತನ್ನ ಟ್ರಂಕು ತೆಗೆದು ಸೀರೆಗಳನ್ನು ಹಂಚುವುದಕ್ಕೆ ಕೂತಿತ್ತು. ಧಾರೆ ಸೀರೆ ನಾದಿನಿಗಂತೆ. ಹೂವಿನ ಅಂಚಿನದು ಕೊಟ್ಟಿಗೆ ಕೆಲಸದವಳಿಗಂತೆ. ಒಂದು ಗಿಳಿ ಹಸಿರು ಸೀರೆಯನ್ನು ನನ್ನ ಕಡೆ ಚಾಚಿ, "ಇದು ನಿಮ್ಗೆ ದೊಡ್ಡವ್ವ. ಜ್ಞಾಪಕಕ್ಕೆ ಇರ್ಲಿ" ಅಂದಿತು. ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತು ಬಿಕ್ಕಿದಳೇ ಹೊರತು ಬೇಡ ಅನ್ನಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಗಂಡ ಸತ್ತೋಳಿಗೆ ಗಿಳಿ ಹಸಿರು ಸೀರೆ ಕೊಡ್ತೀಯಲ್ಲ, ನಿನ್ನ ಬುದ್ಧಿಗೆ ಬೆಂಕಿ ಹಾಕ! ಮೂರು ಹೊತ್ತೂ ತುಪ್ಪ ಅನ್ನ ತಿಂದು ಮೊಂಡೆಮ್ಮೆ ಥರ ಬಿದ್ದಿರೋದಲ್ದೆ ದಾನ ಬೇರೆ ಮಾಡ್ತಾಳೆ ದಾನ! ಸೀರೆ ಎಲ್ಲಾ ಹಂಚಿಬುಟ್ಟು ತೊಟ್ಟಿಲ ದಿನ ಏನು ಉಡ್ತೀಯ, ಗೋಣೀಚೀಲಾನಾ? ಮಡಚಿ ಇಡು, ಮಡಚು!" ಎಂದು ಗದರಿದೆ.

ದೊಡ್ಡತಾಯಮ್ಮ ನನ್ನನ್ನು ಹಾವನ್ನು ನೋಡುವ ಹಾಗೆ ನೋಡಿದಳು. ಹುಡುಗಿ ಅಳು ನಿಲ್ಲಿಸಿ, ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿತು. ಆಮೇಲೆ ಒಂದೊಂದೇ ಸೀರೆ ಮಡಚಿ ಒಳಗಿಟ್ಟಿತು. ಮಡಚುವುದಕ್ಕೂ ಬರುವುದಿಲ್ಲ, ಅಂಚು ಅಂಚಿಗೆ ಕೂಡುವುದಿಲ್ಲ. ಮೂರು ಸಲ ಬಿಚ್ಚಿಸಿ ಮಡಚಿಸಿದೆ.

ಸಾಯಂಕಾಲ ಎರಡು ಮುದ್ದೆ ಉಂಡಿತು.

೨೫ ಅಕ್ಟೋಬರ್, ಶನಿವಾರ

ಕಾಫಿಗೆ ಬೆಲ್ಲ ಹಾಕುತ್ತಾರೆ. ಮಲ್ಲಿಗಮ್ಮ ನಡೆಯಲು ಆಗುವುದಿಲ್ಲ ಎಂದಳು. ಕೆರೆ ಏರಿಯ ತನಕ ನಡೆಸಿದೆ. ದಾರಿಯುದ್ದಕ್ಕೂ ಬಯ್ದೆ. ನಾಳೆಯೂ ನಡೆಸುತ್ತೇನೆ.

೨ ನವೆಂಬರ್, ಭಾನುವಾರ

ಇವತ್ತು ಊರಿನ ಹೆಂಗಸರು ನಾಲ್ಕು ಜನ ಬಸುರಿಯನ್ನು ನೋಡುವ ನೆಪದಲ್ಲಿ ನನ್ನನ್ನು ನೋಡಲು ಬಂದಿದ್ದರು. ಅವರಲ್ಲಿ ದಾಕ್ಷಾಯಣಮ್ಮ ಎನ್ನುವವಳೊಬ್ಬಳು, ನನಗೆ ಕೇಳಿಸಲೆಂದೇ ಗುಟ್ಟಿನ ದನಿಯಲ್ಲಿ, "ಎತ್ತೋಳಲ್ಲ, ಎರೋಳಲ್ಲ, ಇವ್ಳಿಗೇನವ್ವಾ ಗೊತ್ತು ಎರಿಗೆ ನೋವು?" ಅಂದಳು. ನಿಜ, ಗೊತ್ತಿಲ್ಲ. ಆದರೆ ಹೆತ್ತವರನ್ನೂ ಕಂಡಿದ್ದೇನಲ್ಲ! ಈ ದಾಕ್ಷಾಯಣಮ್ಮನೇ ಏಳು ಹೆತ್ತಿದ್ದಾಳಂತೆ. ಎಮ್ಮೆಯೂ ಹೆರುತ್ತದೆ. ಇನ್ನೊಬ್ಬಳ ಪಕ್ಕ ಸುಮ್ಮನೆ ಕೂತಿರುವುದು ಹೆತ್ತದ್ದರಿಂದ ಬರುವುದಿಲ್ಲ. ಹೆತ್ತವರೆಲ್ಲ ಅಲ್ಲಿ ಕೂತು ತಮ್ಮ ತಮ್ಮ ಹೆರಿಗೆಯ ಕಥೆಯನ್ನೇ ಹೇಳುತ್ತಾರೆ.

ಸಂಜೆ ಏರಿಯ ಮೇಲೆ ಕೂತಾಗ ಮಲ್ಲಿಗಮ್ಮನನ್ನು ಕೇಳಿದೆ, "ನಿಜ ಹೇಳು, ಯಾಕೆ ಹಿಂಗೆ ಸಾಯೋ ಮುಖ ಮಾಡ್ಕಂಡಿದ್ದೀಯ?"

ಹುಲ್ಲು ಕೀಳುತ್ತಾ ಹೇಳಿದಳು. "ನಮ್ಮವ್ವ ನನ್ನ ತಮ್ಮನ್ನ ಎರುವಾಗ ಓಗ್ಬುಟ್ಳು ದೊಡ್ಡವ್ವ. ನಾನು ಬಾಗ್ಲಲ್ಲೇ ಕುಂತಿದ್ದೆ. ನಮ್ಮವ್ವ ಬಲೇ ಬಾಯಿ. ಅಪ್ಪಂಗೂ ಅವಳ್ಗೂ ದಿನಾ ಜಗಳ. ಅವತ್ತು ಮೊದ್ಮೊದ್ಲು ಎಲ್ಲಾರೂ ಬಯ್ತಿದ್ರು, ಮುಕ್ಕೇ, ತಿಣುಕೇ, ಸೋಂಬೇರಿ ಅಂತ. ಆಮೇಲೆ ಒಬ್ಬೊಬ್ರೇ ಬಯ್ಯೋದು ನಿಲ್ಸುದ್ರು. ಕೊನೇಗೆ ಅಪ್ಪ ಬಂದು, 'ಏನ್ ಬೇಕವ್ವಾ ನಿಂಗೆ' ಅಂತ ಮೆತ್ತಗೆ ಕೇಳ್ದ. ಅವನು ಯಾವತ್ತೂ ಅವಳ್ನ ಅಂಗೆ ಮಾತಾಡ್ಸೇ ಇರ್ಲಿಲ್ಲ. ಅವಾಗ್ಲೇ ನಂಗೆ ಗೊತ್ತಾಗೋಯ್ತು."

ಕಿತ್ತ ಹುಲ್ಲನ್ನು ಮಡಿಲಿಂದ ಕೊಡವಿ, "ಸಾಯೋರ್ನ ಯಾರೂ ಬಯ್ಯಲ್ಲ ದೊಡ್ಡವ್ವ. ಈ ಮನೇಲಿ ನನ್ನ ಯಾರೂ ಬಯ್ಯಲ್ಲ" ಅಂದಳು.

ಇಂಥ ದಡ್ಡತನವನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಸಮಾಧಾನ ಹೇಳೋಣವೆಂದು ಬಾಯಿ ತೆರೆದರೆ ಬಂದದ್ದು ಬಯ್ಗುಳವೇ. ಕತ್ತಲಾಗುತ್ತೆ ಏಳೇ ಹೆಡ್ಡಿ, ಹುಲ್ಲೆಲ್ಲಾ ಕಿತ್ತು ದನಕ್ಕೂ ಇಲ್ಲದ ಹಾಗೆ ಮಾಡಿದೀಯ ಎಂದೆ. ಎದ್ದಳು. ನನ್ನ ಭುಜ ಹಿಡಿದುಕೊಂಡು ಮನೆಯ ತನಕ ಬಂದಳು. ಭಾರ ಹೆಚ್ಚಾಗಿದ್ದಾಳೆ, ಭುಜ ನೋಯುತ್ತಿದೆ.

೯ ನವೆಂಬರ್, ಭಾನುವಾರ

ದೀಪಾವಳಿ ಎಣ್ಣೆನೀರಿಗೆ ಹಂಡೆ ತೊಳೆದು ನೀರು ತುಂಬುವ ಗಲಾಟೆ. ನನ್ನನ್ನು ಕೆಲಸಕ್ಕೆ ಕರೆಯುವುದಿಲ್ಲ, "ನೀವು ಕುಂತ್ಕಳಿ ಅನ್ಸೂಯಮ್ಮ" ಎನ್ನುತ್ತಾರೆ. ಕೂತೆ. ಮಲ್ಲಿಗಿಯ ಕಾಲು ಊದಿದೆ. ಎಣ್ಣೆ ಬಿಸಿ ಮಾಡಿ ನೀವಿದೆ. ಅವಳಿಗೆ ನಾನು ಹೊಳೆನರಸೀಪುರದ ಮಿಡಲ್ ಸ್ಕೂಲಿನಲ್ಲಿ ಓದಿದ್ದು ಗೊತ್ತಾಗಿ, ಏನಾದರೂ ಓದಿ ಹೇಳಿ ಎಂದು ಪೀಡಿಸುತ್ತಾಳೆ. ಓದುವುದಕ್ಕೆ ಈ ಮನೆಯಲ್ಲಿರುವುದು ಗೊಬ್ಬರದ ಚೀಲ ಮತ್ತು ಪಂಚಾಂಗ. ಪಂಚಾಂಗ ಓದಿದೆ. ನಗುತ್ತಾಳೆ! ರಾಹುಕಾಲ ಓದಿದರೂ ನಗುತ್ತಾಳೆ.

೧೪ ನವೆಂಬರ್, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ. ಗಂಟಲು ಕಟ್ಟಿದೆ, ಕೈ ಮಾತ್ರ ಸರಿ ಇದೆ. ಎಲ್ಲವನ್ನೂ ಬರೆಯುತ್ತೇನೆ, ಏಕೆಂದರೆ ಇಂಥ ಜನ ಭೂಮಿಯ ಮೇಲೆ ಇದ್ದರು ಎಂದು ನಾಳೆ ನನಗೇ ನಂಬಿಕೆ ಬರುವುದಿಲ್ಲ.

ನಿನ್ನೆ ಹಾಲು ಕರೆಯುವ ಹೊತ್ತಿಗೆ ನೋವು ಬಂತು. ಸೂಲಗಿತ್ತಿ ಹೊನ್ನಕ್ಕನನ್ನು ಕರೆಸಿದರು. ಒಳ್ಳೆಯ ಕೈ, ಮಾತು ಕಡಿಮೆ. ಅಷ್ಟರಲ್ಲಿ ದೊಡ್ಡತಾಯಮ್ಮ ತನ್ನ ಶಾಸ್ತ್ರ ಶುರುಮಾಡಿದಳು. ಹೆರುವ ಮನೆಯಲ್ಲಿ ಗಂಟು, ಬೀಗ, ಮುಚ್ಚಳ ಒಂದೂ ಇರಬಾರದಂತೆ; ಇದ್ದರೆ ಮಗು ಒಳಗೇ ಸಿಕ್ಕಿಕೊಳ್ಳುತ್ತದಂತೆ. ಟ್ರಂಕು ತೆಗೆದಳು, ಕಣಜದ ಬಾಯಿ ತೆಗೆದಳು, ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿದಳು. ಹೆಂಗಸರೆಲ್ಲ ತುರುಬು ಬಿಚ್ಚಿ ತಲೆ ಕೆದರಿಕೊಂಡು ಕೋಣೆಯ ಸುತ್ತ ಕೂತು ಅಳತೊಡಗಿದರು. ದಾಕ್ಷಾಯಣಮ್ಮ ತನ್ನ ಮೂರನೆಯ ಹೆರಿಗೆಯ ಕಥೆ ಹೇಳುತ್ತಿದ್ದಳು, ಅದರಲ್ಲಿ ಸತ್ತೇಹೋಗಬೇಕಿತ್ತಂತೆ. ಹೋಗಬಹುದಿತ್ತು.

ಮಲ್ಲಿಗಿ ಒಬ್ಬೊಬ್ಬರ ಮುಖವನ್ನೇ ನೋಡಿ ನೋಡಿ ಬಿಳಿಚಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ನೋವು ನಿಂತೇಹೋಯಿತು. ಹೊನ್ನಕ್ಕ ನನ್ನನ್ನು ಈಚೆಗೆ ಕರೆದು, "ನೀರೆಲ್ಲಾ ಓಗೈತೆ ಅಮ್ಮಾರೆ, ಮಗ ಇಳೀತಿಲ್ಲ. ಆಸನದ ದೊಡ್ಡಾಸ್ಪತ್ರೆಗೆ ಓದ್ರೆ ವಾಸಿ" ಅಂದಳು.

ಕೆಂಪಣ್ಣ ಕಮಾನು ಗಾಡಿ ಅಂಗಳಕ್ಕೆ ಎಳೆದ. ನೊಗದ ಕೆಳಗೆ ಒರಳುಕಲ್ಲು ಕೊಟ್ಟು, ಹುಲ್ಲು ಹಾಸಿ, ಕಂಬಳಿ ಹಾಕಿ, ಹೆಂಡತಿಯನ್ನು ಎತ್ತಿ ತಂದು ಕೂರಿಸಿದ. ನಾನು ಹಿಂದೆ ಕೂತು ಅವಳನ್ನು ಎದೆಗೆ ಒರಗಿಸಿಕೊಂಡೆ. ಹೊನ್ನಕ್ಕ ಕಾಲ ಬಳಿ. ಕೆಂಪಣ್ಣ ಎತ್ತು ತರಲು ಕೊಟ್ಟಿಗೆಗೆ ಹೋದವನು ಬರಿಗೈಯಲ್ಲಿ ಬಂದ.

"ಎತ್ತೆಲ್ಲಿ ಅವ್ವಾ?"

"ನಾನೇ ಬಿಚ್ದೆ ಕಣಪ್ಪಾ" ಎಂದಳು ದೊಡ್ಡತಾಯಮ್ಮ. "ಅಗ್ಗಾನೂ ಗಂಟಲ್ವಾ?"

ಶಾಸ್ತ್ರ! ಸೊಸೆಯ ಗಂಟು ಬಿಡಿಸಲು ಎತ್ತಿನ ಹಗ್ಗ ಬಿಚ್ಚಿದ್ದಾಳೆ ಮಹಾತಾಯಿ. ಎತ್ತುಗಳು ಕೆರೆಯಾಚೆ ಬೈರಯ್ಯನ ಹುರುಳಿ ಹೊಲದಲ್ಲಿ ಇಳಿದಿವೆ ಎಂದು ಯಾರೋ ಕೂಗಿದರು. ಕೆಂಪಣ್ಣ ಓಡಿದ. ಊರಿನ ಗಂಡಸರೆಲ್ಲ ಓಡಿದರು. ಬೇರೆಯವರ ಎತ್ತು ಕೇಳೋಣವೆಂದರೆ ಕೇಳುವುದಕ್ಕೆ ಊರಲ್ಲಿ ಗಂಡಸೊಬ್ಬ ಉಳಿದಿರಲಿಲ್ಲ. ಬಸ್ಸು ಬರುವುದು ಸಂಜೆಗೆ.

ಗಾಡಿಯ ಹಿಂದೆ ಮುಂದೆ ಸೀರೆ ಇಳಿಬಿಟ್ಟೆ. ಒಳಗೆ ಮೂವರಿಗೆ ಮಾತ್ರ ಜಾಗ. ತಲೆ ಕೆದರಿದ ಹೆಂಗಸರೆಲ್ಲ ಹೊರಗೇ ಉಳಿದರು. ಆಗ ಸೀರೆಯ ಆಚೆಯಿಂದ ದೊಡ್ಡತಾಯಮ್ಮನ ದನಿ, ಮೆತ್ತಗೆ, ಬೆಣ್ಣೆಯ ಹಾಗೆ: "ಏನ್ ಬೇಕವ್ವಾ ನಿಂಗೆ?"

ನನ್ನ ಕೈಯೊಳಗಿದ್ದ ಮಲ್ಲಿಗಿಯ ಕೈ ತಣ್ಣಗಾಯಿತು. "ಕೇಳುಸ್ತಾ ದೊಡ್ಡವ್ವ?" ಅಂದಳು.

ನನಗೆ ಅಂಥ ಸಿಟ್ಟು ಎಂದೂ ಬಂದಿಲ್ಲ. ಶುರುಮಾಡಿದೆ. "ಏನೇ ಕೇಳಿಸೋದು, ಮೊಂಡೆಮ್ಮೆ! ಹಗಲೆಲ್ಲಾ ನಮ್ಮನ್ನ ಕಾಯಿಸಿ ಈಗ ನಿದ್ದೆ ಹೊಡೀತೀಯಾ? ಹೊಟ್ಟೇಲಿರೋದನ್ನ ಹೊರಗೆ ಹಾಕೋಕೆ ನಿಮ್ಮಜ್ಜಿ ಬತ್ತಾಳಾ? ಎತ್ತು ಬಿಚ್ಚಿದ ನಿಮ್ಮತ್ತೆಗೆ ಬುದ್ಧಿ ಇಲ್ಲ, ಎತ್ತಿನ ಹಿಂದೆ ಓಡಿದ ನಿನ್ನ ಗಂಡಂಗೆ ಬುದ್ಧಿ ಇಲ್ಲ, ನಿನಗಾದರೂ ಇದೆ ಅನ್ಕಂಡಿದ್ದೆ, ಎಲ್ಲಾ ಒಂದೇ ಕಣಜದ ಕಾಳು!" ಸೀರೆಯ ಆಚೆ ಯಾರೋ "ಅಯ್ಯೋ ಶಿವನೇ" ಎಂದರು. ಅವರನ್ನೂ ಬಯ್ದೆ. ದಾಕ್ಷಾಯಣಮ್ಮನ ಏಳು ಹೆರಿಗೆಯನ್ನೂ ಸಾಲಾಗಿ ಬಯ್ದೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಮಲ್ಲಿಗಿ ಕಿಸಕ್ಕನೆ ನಕ್ಕಳು. ನಗುವಿನ ಹಿಂದೆಯೇ ನೋವು ಬಂತು. ಬೆಟ್ಟದಂಥ ನೋವು.

"ಬಯ್ಯಿ ದೊಡ್ಡವ್ವ, ನಿಲ್ಲುಸ್ಬ್ಯಾಡ!"

ಮನುಷ್ಯನಿಗೆ ಬಯ್ಗುಳ ಇಷ್ಟು ಬೇಗ ಮುಗಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಊರು ಮುಗಿಯಿತು, ಜೋಯಿಸ ಮುಗಿದ, ತಮ್ಮನ ಹೆಂಡತಿ, ರೈಲು, ಬಸ್ಸು, ಬಸ್ಸಿನ ಹುಂಜ ಎಲ್ಲ ಮುಗಿದವು. ಮತ್ತೆ ಮೊದಲಿನಿಂದ ಹಿಡಿದೆ. ಅವಳು ನನ್ನ ಎರಡು ತೋಳನ್ನೂ ಉಗುರು ಇಳಿಯುವಷ್ಟು ಹಿಡಿದಿದ್ದಳು. ನನ್ನ ದನಿ ಒಡೆದು ಹೋಗಿತ್ತು. ಹೊನ್ನಕ್ಕ ತಲೆಯೆತ್ತಿ, ನಗು ತಡೆಯಲಾರದೆ, "ಇನ್ನೊಂದೊಸಿ ಬಯ್ರಿ ಅಮ್ಮಾರೆ, ತಲೆ ಬತ್ತೈತೆ" ಅಂದಳು.

ಬಯ್ದೆ. ಬಂತು. ಹೆಣ್ಣು ಮಗು. ಬಂದದ್ದೇ ತಡ, ನಮ್ಮೆಲ್ಲರಿಗಿಂತ ಜೋರಾಗಿ ಅರಚಿತು.

ಕೆಂಪಣ್ಣ ಮೊಣಕಾಲ ತನಕ ಕೆಸರು ಮಾಡಿಕೊಂಡು, ಎರಡು ಎತ್ತನ್ನೂ ಎಳೆದುಕೊಂಡು ಏದುಸಿರು ಬಿಡುತ್ತಾ ಬಂದ. ಮಗುವಿನ ಅಳು ಕೇಳಿಸುತ್ತಿದೆ, ಹೆಂಗಸರು ಬಿಸಿನೀರು ಹಿಡಿದು ಓಡುತ್ತಿದ್ದಾರೆ, ಇವನು ಗಾಡಿಯ ಮುಂದೆ ನಿಂತು, "ಗಾಡಿ ಕಟ್ಲಾ?" ಎಂದು ಕೇಳಿದ.

ದೊಡ್ಡತಾಯಮ್ಮನಿಗೆ ಈಗ ಬೇರೆ ಚಿಂತೆ. ಗಾಡಿಗೂ ಸೂತಕ ಬಂತಲ್ಲ, ರಾಗಿ ತೆನೆ ಹೇರುವುದು ಹೇಗೆ?

ನಾನು ಮಾಡಿದ್ದು ಏನೂ ಇಲ್ಲ. ಹೆತ್ತವಳು ಅವಳು, ಹಿಡಿದವಳು ಹೊನ್ನಕ್ಕ. ದಿಂಬಿಗೆ ಬಾಯಿ ಇದ್ದಿದ್ದರೆ ಅದೇ ಸಾಕಿತ್ತು. ತೋಳಿನ ಮೇಲೆ ಉಗುರಿನ ಗುರುತು ಇನ್ನೂ ಇದೆ.

೧೬ ನವೆಂಬರ್, ಭಾನುವಾರ

ರಕ್ತ ಬಹಳ ಹೋಗಿದೆ. ಮಲ್ಲಿಗಿ ಮೇಲೇಳುವ ಹಾಗಿಲ್ಲ. ಪಾಪ, ಇಷ್ಟೇ ಇಷ್ಟು ಮುಖವಾಗಿದೆ. ಮೆಣಸಿನ ಸಾರು ಮಾಡಿ ನಾನೇ ಕುಡಿಸಿದೆ. ಮಗುವನ್ನು ಇಡೀ ದಿನ ನಾನೇ ಎತ್ತಿಕೊಂಡಿದ್ದೆ, ಅವಳು ನಿದ್ದೆ ಮಾಡಲಿ ಎಂದು. ತಲೆ ಸವರಿ, "ಏನು ಬೇಕು ಮಗಳೇ" ಎಂದು ಕೇಳಿದೆ. ಏನೂ ಬೇಡ ಎಂದು ಗೋಡೆಯ ಕಡೆ ತಿರುಗಿದಳು.

ಮಗುವಿಗೆ ಮೂಗು ಅಜ್ಜಿಯದು, ದುರದೃಷ್ಟ.

೧೮ ನವೆಂಬರ್, ಮಂಗಳವಾರ

ಗೋಡೆಯನ್ನೇ ನೋಡುತ್ತಾಳೆ. ಮಗುವನ್ನು ಪಕ್ಕದಲ್ಲಿ ಮಲಗಿಸಿದರೂ ಕೈ ಚಾಚುವುದಿಲ್ಲ. ಹಾಲು ಇಳಿದಿಲ್ಲ. ಹಾಸನದಿಂದ ನರ್ಸಮ್ಮ ಬಂದು ನೋಡಿ, ಜ್ವರವಿಲ್ಲ, ನಂಜಿಲ್ಲ, ಚೆನ್ನಾಗಿ ತಿನ್ನಿಸಿ, ಮಗುವನ್ನು ಮೊಲೆಗೆ ಹಿಡಿಸುತ್ತಲೇ ಇರಿ ಎಂದು ಹೇಳಿ ಹೋದಳು. ತಿನ್ನುವವಳು ಬಾಯಿ ತೆರೆಯಬೇಕಲ್ಲ! ಪಕ್ಕದ ಮನೆಯವಳ ಹಾಲಿನಿಂದ ಮಗು ಬದುಕಿದೆ. ದೊಡ್ಡತಾಯಮ್ಮ ಬಾಣಂತಿ ಸನ್ನಿ ಎಂದು ಎದೆ ಬಡಿದುಕೊಂಡು, ಮಂತ್ರ ಹಾಕುವವನನ್ನು ಕರೆಸುತ್ತೇನೆ ಎನ್ನುತ್ತಾಳೆ. ಬೇವಿನ ಬರಲಿನಲ್ಲಿ ಹೊಡೆಯುತ್ತಾನಂತೆ. ಹೊಡೆಯಲಿ ನೋಡುತ್ತೇನೆ, ಅವನ ಕೈ ಮುರಿಯುತ್ತೇನೆ.

ನಾನು ಅವಳ ಹತ್ತಿರವೇ ಇದ್ದೇನೆ. ತಲೆ ಬಾಚಿದೆ. ಸಾಂಬ್ರಾಣಿ ಹೊಗೆ ಹಾಕಿದೆ. ಎಷ್ಟು ಮೆತ್ತಗೆ ಮಾತಾಡಿಸಿದರೂ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾಳೆ. ನನಗೆ ಭಯವಾಗಿದೆ. ಇದನ್ನು ಬರೆಯುವಾಗಲೂ ಭಯವಾಗುತ್ತಿದೆ.

೧೯ ನವೆಂಬರ್, ಬುಧವಾರ

ಬೆಳಿಗ್ಗೆ ಗಂಜಿ ಹಿಡಿದು ಕೂತಿದ್ದೆ. ಗೋಡೆಯ ಕಡೆಯಿಂದಲೇ ಕೇಳಿದಳು.

"ದೊಡ್ಡವ್ವ, ನಾನು ಯಾವತ್ತು ಸಾಯ್ತೀನಿ?"

"ಯಾರಮ್ಮಾ ಹಂಗಂದೋರು?"

"ನೀನೇ. ನರ್ಸಮ್ಮ ನಿನ್ನತ್ರ ಏಳಿರ್ಬೇಕು. ಗಾಡೀಲಿ ಅಷ್ಟು ಬಯ್ದೋಳು ಆಮೇಲೆ ಒಂದು ಮಾತೂ ಬಯ್ಲಿಲ್ಲ. ಮಗಳೇ ಅಂತೀಯ. ತಲೆ ಸವರ್ತೀಯ. ಏನ್ ಬೇಕು ಅಂತ ಕೇಳ್ತೀಯ. 'ಅಮ್ಮಾ' ಅಂತ ಬೇರೆ ಅಂದೆ ಈಗ. ನಂಗೆ ಗೊತ್ತಾಗಲ್ವಾ?"

ಗಂಜಿಯ ಬಟ್ಟಲು ಕೈಯಿಂದ ಜಾರಿತು. ಆಮೇಲೆ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ, ಡೈರಿಯ ಮೊದಲ ಹಾಳೆಯಲ್ಲಿ ದೇವರ ಪಟವಿದೆ. ಬೀದಿಯವರು ಜಗಲಿಗೆ ಬಂದು ನಿಂತರಂತೆ. ಸಾಯುತ್ತಾಳಂತೆ ಸಾಯುತ್ತಾಳೆ! ನನ್ನ ಭುಜ ಮುರಿದು, ತೋಳು ಪರಚಿ, ಗಂಟಲು ಕಟ್ಟಿಸಿ, ಬಿಸಿ ಗಂಜಿ ಚೆಲ್ಲಿಸಿ, ಈಗ ಸಾಯುವುದಕ್ಕೆ ಮುಹೂರ್ತ ಕೇಳುತ್ತಾಳೆ. ಹೆತ್ತ ಮಗುವನ್ನು ಪಕ್ಕದ ಮನೆಗೆ ಹಾಲಿಗೆ ಕಳಿಸಿ ಗೋಡೆಗೆ ಹಾಲು ಕುಡಿಸುತ್ತೀಯೇನೇ ಎಂದೆ. ಏಳು ಎಂದೆ. ಎದ್ದಳು! ತಾನಾಗಿಯೇ ಗೋಡೆಗೆ ಒರಗಿ ಕೂತಳು. ಮಗುವನ್ನು ಅವಳ ಮಡಿಲಿಗೆ ಹಾಕಿ, ಹೀಗೆ ಹಿಡಿ, ಹಾಗಲ್ಲ, ಅದೇನು ಹುಣಸೆಹಣ್ಣಿನ ಗೋಣಿಯಾ, ತಲೆ ಎತ್ತಿ ಹಿಡಿ ಎಂದು ಬಯ್ಯುತ್ತಲೇ ಹಿಡಿಸಿದೆ. ಮಗು ಬಾಯಿ ಹಾಕಿ ಬಿಡಲಿಲ್ಲ. ಮಲ್ಲಿಗಿ ಅದರ ಮುಖವನ್ನು ಮೊದಲ ಸಲ ನೋಡಿದಳು.

"ದೊಡ್ಡವ್ವ, ಇದ್ರ ಮೂಗು ನಮ್ಮತ್ತೇದು" ಅಂದಳು.

"ಈಗ ಕಂಡ್ಯಾ? ನಾನು ಅವತ್ತೇ ಕಂಡೆ" ಅಂದೆ.

ಮಧ್ಯಾಹ್ನ ಬೆಳ್ಳುಳ್ಳಿ ಸಾರಿನಲ್ಲಿ ಅನ್ನ ಉಂಡಳು. ನನಗೆ ಬಹಳ ಸಂತೋಷವಾಯಿತು. ಬರೆಯುವುದಕ್ಕೆ ನಾಚಿಕೆಯಿಲ್ಲ, ಓದುವವರು ಯಾರೂ ಇಲ್ಲ.

೨೨ ನವೆಂಬರ್, ಶನಿವಾರ

ಹಾಲು ಇಳಿದಿದೆ. ನಾಳೆ ಪುರುಡು ಕಳೆದು ತೊಟ್ಟಿಲಿಗೆ ಹಾಕುತ್ತಾರೆ. ದೊಡ್ಡತಾಯಮ್ಮ ಬಂದು ನನ್ನ ಪಕ್ಕದಲ್ಲಿ ಕೂತು, ಚಕ್ಕುಲಿಯ ಗಂಟೊಂದನ್ನು ನನ್ನ ಕಡೆ ಸರಿಸಿ, "ನಿಮ್ಗೆ ಗೊತ್ತಿಲ್ದೇ ಇರೋದೇನೈತೆ ಅನ್ಸೂಯಮ್ಮ. ಮುತ್ತೈದೇರು ಬತ್ತಾರೆ. ಬೆಳಗಿನ ಬಸ್ಸು ಸಿಕ್ತದೆ" ಎಂದಳು. ದನಿ ಎಷ್ಟು ಮೆತ್ತಗೆ!

ಗೊತ್ತು. ಎಲ್ಲ ಮನೆಯಲ್ಲೂ ಹೀಗೆಯೇ. ಹೆರುವ ಹೊತ್ತಿಗೆ ಹೊನ್ನಕ್ಕ ಬೇಕು, ನಾನು ಬೇಕು. ತೊಟ್ಟಿಲ ಹೊತ್ತಿಗೆ ಅವಳು ಹಿತ್ತಲಲ್ಲಿ, ನಾನು ಬಸ್ಸಿನಲ್ಲಿ. ನನಗೇನೂ ಬೇಸರವಿಲ್ಲ. ಅವರ ಹಾಡು ಕೇಳುವುದಕ್ಕಿಂತ ಬಸ್ಸಿನ ಸದ್ದೇ ಮೇಲು. ಮಲ್ಲಿಗಿಗೆ ಹೇಳಿಲ್ಲ. ಅತ್ತರೆ ಹಾಲು ಕಡಿಮೆಯಾಗುತ್ತದೆ.

೨೩ ನವೆಂಬರ್, ಭಾನುವಾರ

ಬೆಳಿಗ್ಗೆ ಗಂಟು ಹಿಡಿದು ಹಿತ್ತಲ ಬಾಗಿಲಿಂದ ಹೊರಟೆ. ಹೊನ್ನಕ್ಕ ಬಾವಿಯ ಹತ್ತಿರ ಕೂತಿದ್ದಳು. "ನಿಮ್ದೂ ಆಯ್ತಾ ಅಮ್ಮಾರೆ?" ಎಂದಳು. ಆಯ್ತು ಎಂದೆ. ಒಳಗೆ ಬಳೆ ಸದ್ದು, ತೊಟ್ಟಿಲಿಗೆ ಹೂ ಕಟ್ಟುತ್ತಿದ್ದರು. ಈ ಮನೆಯಲ್ಲಿ ಬಾಣಂತಿಯ ತಾಯಿಯ ಕಡೆಯವರು ಮಗುವನ್ನು ಎತ್ತಿ ತೊಟ್ಟಿಲಿಗೆ ಕೊಡಬೇಕಂತೆ. ತಾಯಿ ಇಲ್ಲದ್ದರಿಂದ ದಾಕ್ಷಾಯಣಮ್ಮ ಕೊಡುತ್ತಾಳೆ ಎಂದು ನಿಶ್ಚಯವಾಗಿತ್ತು. ಆ ಕೈಗೆ ಮಗು! ಎಂದುಕೊಂಡು ಎರಡು ಹೆಜ್ಜೆ ಇಟ್ಟಿದ್ದೆ.

ಹಿಂದಿನಿಂದ ಒಂದು ಕೂಗು ಬಂತು. ಆ ದನಿ ಯಾರದೆಂದು ನನಗೆ ತಿಳಿಯಲೇ ಇಲ್ಲ.

"ಎಲ್ಲಿಗೇ ಒಂಟಿದ್ದೀಯ, ಮೊಂಡೆಮ್ಮೆ!"

ತಿರುಗಿ ನೋಡಿದರೆ ಮಲ್ಲಿಗಿ. ಗಿಳಿ ಹಸಿರು ಸೀರೆ ಉಟ್ಟುಕೊಂಡು, ಮಗುವನ್ನು ಎದೆಗವಚಿಕೊಂಡು, ಹಿತ್ತಲ ಹೊಸ್ತಿಲ ಮೇಲೆ ನಿಂತಿದ್ದಾಳೆ. ಅವಳ ಹಿಂದೆ ಊರಿನ ಮುತ್ತೈದೆಯರೆಲ್ಲ ಆರತಿ ತಟ್ಟೆ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದಾರೆ.

"ಕಳ್ಳಿ ಅಂಗೆ ಹಿತ್ಲಿಂದ ಓಗ್ತೀಯಾ? ನಾಚ್ಕೆ ಆಗಲ್ವಾ ನಿಂಗೆ? ದಿನಾ ಎರಡೊತ್ತು ನನ್ನ ಬೈಕಂಡು, ಈಗ ಏಳ್ದೆ ಕೇಳ್ದೆ ಬಸ್ಸತ್ತಾಕೆ ಓಗ್ತಾಳೆ ಬಸ್ಸು! ಮಗೀಗೆ ನೀರಾಕೋರು ಯಾರು? ನಂಗೆ ಬಯ್ಯೋರು ಯಾರು? ತೊಟ್ಲಿಗೆ ಮಗೀನ ಕೊಡಾಕೆ ನಿಮ್ಮಜ್ಜಿ ಬತ್ತಾಳಾ?"

"ಅಲ್ಲ ಕಣೇ ಮಲ್ಲಿಗಿ, ಸಾಸ್ತ್ರ..." ಎಂದಳು ದೊಡ್ಡತಾಯಮ್ಮ.

"ಎತ್ತು ಬಿಚ್ಚಿದ್ದೂ ಸಾಸ್ತ್ರಾನೇ ಅಲ್ವಾ ಅತ್ತೆ?" ಅಂದಳು ಮಲ್ಲಿಗಿ, ತಿರುಗಿಯೂ ನೋಡದೆ.

ಯಾರೋ ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು. ದೊಡ್ಡತಾಯಮ್ಮ ನನ್ನನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಬನ್ನಿ, ಇನ್ನೇನು ಮಾಡಾದು" ಎಂದು ದಾರಿ ಬಿಟ್ಟಳು.

ಮಲ್ಲಿಗಿ ಇಳಿದು ಬಂದು ನನ್ನ ಗಂಟು ಕಿತ್ತುಕೊಂಡು, ಮಗುವನ್ನು ನನ್ನ ಕೈಗೆ ತುರುಕಿದಳು. ಎಲ್ಲರೂ ನೋಡುತ್ತಿದ್ದಂತೆ ಮಗುವನ್ನು ಮೊದಲು ಬಾವಿಯ ಹತ್ತಿರ ಒಯ್ದು ಹೊನ್ನಕ್ಕನ ಮಡಿಲಲ್ಲಿ ಒಂದು ಗಳಿಗೆ ಇಟ್ಟೆ. ದಾಕ್ಷಾಯಣಮ್ಮ ಮೂಗು ಮುರಿದಳು. ಮುರಿಯಲಿ. ಆಮೇಲೆ ಒಳಗೆ ಹೋಗಿ ತೊಟ್ಟಿಲಿಗೆ ಕೊಟ್ಟೆ. ಹೊರಗೆ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು.

ಎಂಥ ಸೊಕ್ಕು ಆ ಹುಡುಗಿಗೆ! ನನ್ನ ಬಯ್ಗುಳವನ್ನು ನನಗೇ ತಿರುಗಿಸುತ್ತಾಳೆ. ಊರೆಲ್ಲ ಕೇಳುವ ಹಾಗೆ ಎಮ್ಮೆ ಅನ್ನುತ್ತಾಳೆ. ನಾಳೆ ಎದ್ದ ಕೂಡಲೇ ವಿಚಾರಿಸಿಕೊಳ್ಳಬೇಕು. ಹರಳೆಣ್ಣೆಯೂ ಮುಗಿದಿದೆ, ಕೆಂಪಣ್ಣನಿಗೆ ಹೇಳಿ ತರಿಸಬೇಕು; ಏನಾರಾ ಬೇಕಾ ಎಂದು ಕೇಳುತ್ತಿರುತ್ತಾನಲ್ಲ.

ಗಂಡ ತೀರಿಕೊಂಡ ದಿನದಿಂದ ಇವತ್ತಿನ ತನಕ ನನ್ನನ್ನು ಒಬ್ಬರೂ ಬಯ್ದಿರಲಿಲ್ಲ. ಬಯ್ಸಿಕೊಂಡರೆ ಕಿವಿ ಬಿಸಿಯಾಗುತ್ತದೆ ಎನ್ನುವುದೇ ಮರೆತುಹೋಗಿತ್ತು. ಇನ್ನೂ ಬಿಸಿಯಾಗಿಯೇ ಇವೆ.